ಬೇಸಿನ್ ಕಟ್ಟೆಗೆ ಎರಡು ದಿನ ನೀರು ತಾಕಿಸಬ್ಯಾಡ್ರಿ

ಗೋಡೆಗೆ ಬಣ್ಣ ಹಚ್ಚುತ್ತಿದ್ದಷ್ಟು ದಿನ ನನ್ನ ಬದುಕಿನಲ್ಲಿ ನಗುವಂಥದ್ದೇನೂ ನಡೆಯಲಿಲ್ಲ. ಬಚ್ಚಲುಮನೆಗೆ ಕಾಲಿಟ್ಟೆ ನೋಡಿ, ಅಂದಿನಿಂದ ವಾರಕ್ಕೊಂದಾದರೂ ಆಗದೆ ಬಿಟ್ಟಿಲ್ಲ. ಕೆಲಸ ಸಣ್ಣದು. ಬೇಸಿನ್ ಕೂಡಿಸಿದ ಹಳೆಯ ಕಡಪಾ ಕಲ್ಲಿನ ಕಟ್ಟೆಯನ್ನು ಒಡೆದು ಹೊಸ ಕಲ್ಲು ಹಾಕಿಸಲು ಖರ್ಚು ಬಹಳ. ಅದನ್ನೇ ಪಾಲಿಶ್ ಪೇಪರಿನಿಂದ ತಿಕ್ಕಿ, ಪ್ರೈಮರ್ ಹೊಡೆದು, ಎರಡು ಕೋಟ್ ಬಿಳಿ ಬಣ್ಣ ಹಚ್ಚಿ, ಮೇಲೆ ಬೂದು ಗೆರೆ ಎಳೆದರೆ ಥೇಟ್ ಮಾರ್ಬಲ್ಲಿನಂತೆ ಕಾಣುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲ ಕಡೆಯಿಂದ ಈ ಕೆಲಸಕ್ಕೆ ನನಗೇ ಫೋನು. ನನ್ನದು ಒಂದೇ ಷರತ್ತು: ಎರಡು ದಿನ ನೀರು ತಾಕಿಸಬಾರದು. ಅದೊಂದನ್ನು ಬಿಟ್ಟು ಜನ ನಾನು ಹೇಳಿದ್ದೆಲ್ಲ ಕೇಳುತ್ತಾರೆ.

೧. ಹೆಬ್ಬೆರಳು

ಬನಹಟ್ಟಿಯ ಒಬ್ಬ ಸೀರೆ ವ್ಯಾಪಾರಿ. ಹೊಸ ಮಾಲು ಕೈಗೆ ಬಂತೆಂದರೆ ಹೆಬ್ಬೆರಳು ಒದ್ದೆ ಮಾಡಿಕೊಂಡು ಸೆರಗನ್ನು ತಿಕ್ಕಿ, ಬಣ್ಣ ಬಿಡುತ್ತದೋ ಇಲ್ಲವೋ ನೋಡಿಯೇ ಮಾತಾಡುವವರು. ಅವರ ಮನೆಯ ಕಟ್ಟೆ ಮುಗಿಸಿ, ನನ್ನ ಷರತ್ತು ಎರಡೆರಡು ಸಲ ಹೇಳಿ ಬಂದೆ. ಮರುದಿನ ಬೆಳಿಗ್ಗೆಯೇ ಫೋನು. ಬಣ್ಣ ಬಿಡಾಕತ್ತೈತಿ ಅಂದರು.

ಹೋಗಿ ನೋಡಿದರೆ ಕಟ್ಟೆಯ ಅಂಚಿನಲ್ಲಿ ಸಾಲಾಗಿ ಐದು ಹೆಬ್ಬೆರಳ ಗುರುತು. ಯಾರು ಮುಟ್ಟಿದರೆಂದು ಕೇಳಿದೆ. ಯಾರೂ ಮುಟ್ಟಿಲ್ಲವಂತೆ. ಹಾಗೆ ಹೇಳುವಾಗ ಅವರ ಹೆಬ್ಬೆರಳೇ ಬೆಳ್ಳಗಿತ್ತು. ಸಿಟ್ಟು ನುಂಗಿಕೊಂಡು ಮತ್ತೆ ಹಚ್ಚಿ ಬಂದೆ. ಮರುದಿನ ಮತ್ತೆ ಫೋನು. ಈ ಸಲ ಗುರುತುಗಳ ಅಳತೆಯೇ ಬೇರೆ ಬೇರೆ. ಅವರ ತಮ್ಮ, ಪಕ್ಕದ ಮಗ್ಗದ ಮನೆಯವರು, ಅಂಗಡಿಯ ಗುಮಾಸ್ತ, ನೋಡಲು ಬಂದವರೆಲ್ಲ ಅದೇ ಕಸುಬಿನವರು. ಒಬ್ಬೊಬ್ಬರೂ ತಿಕ್ಕಿಯೇ ಹೋಗಿದ್ದರು.

ಮೂರನೆಯ ಸಲ ನಾನೂ ಬುದ್ಧಿ ಓಡಿಸಿದೆ. ಕಲ್ಲಿನ ಒಂದು ತುಂಡಿಗೆ ಅದೇ ಬಣ್ಣ ಹಚ್ಚಿ, ಒಣಗಿಸಿ ತಂದು ಪಡಸಾಲೆಯಲ್ಲಿಟ್ಟು, ತಿಕ್ಕುವವರು ಇದನ್ನು ತಿಕ್ಕಲಿ ಎಂದೆ. ಎರಡು ದಿನ ಇಡೀ ಓಣಿ ಅದನ್ನು ತಿಕ್ಕಿತು. ಒಳಗಿನ ಕಟ್ಟೆ ಆರಾಮಾಗಿ ಒಣಗಿತು. ಮೂರನೆಯ ದಿನ ಆ ವ್ಯಾಪಾರಿ ನನ್ನನ್ನು ಕರೆಸಿ, ಬಹಳ ಗಂಭೀರವಾಗಿ ಆ ತುಂಡನ್ನು ತೋರಿಸಿದರು.

"ಈ ಮಾಲು ಪಕ್ಕಾ ಐತಿ. ಒಳಗಿಂದು ತಗದು ಇದನ್ನ ಕೂಡಸ್ರಿ."

೨. ಗರಿ

ಮಾರ್ಬಲ್ಲಿನ ಗೆರೆ ಕುಂಚದಿಂದ ಎಳೆದರೆ ಸರಿ ಬರುವುದಿಲ್ಲ, ದಪ್ಪಗಾಗುತ್ತದೆ. ಅದಕ್ಕೆ ನಾನು ಕೋಳಿಯ ಗರಿ ಇಟ್ಟುಕೊಂಡಿದ್ದೆ. ಬೀಳಗಿಯ ಒಂದು ಮನೆಯಲ್ಲಿ ಚೀಲದಿಂದ ಅದನ್ನು ಹೊರತೆಗೆದಾಗ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಮೂರು ಹೊತ್ತು ಲಿಂಗಪೂಜೆ ಮಾಡುವ ಜೀವ. ಯಾವ ಹಕ್ಕಿಯದೆಂದು ಕೇಳಿದರು. ನಾನೋ, ಸುಳ್ಳು ಹೇಳಲು ಬಾರದ ದಡ್ಡ, ಕೋಳಿಯದು ಅಂದುಬಿಟ್ಟೆ.

ನನ್ನನ್ನೂ ಗರಿಯನ್ನೂ ಒಟ್ಟಿಗೇ ಹೊರಗೆ ಹಾಕಿದರು. ಅರ್ಧ ತಾಸು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದೆ. ಆಮೇಲೆ ಕೈಕಾಲು ತೊಳೆಸಿ ಒಳಗೆ ಕರೆದು, ದೇವರ ಜಗಲಿಯ ಮೇಲಿದ್ದ ನವಿಲುಗರಿಯನ್ನು ತಂದು ಕೈಗೆ ಕೊಟ್ಟರು. ಸುಳ್ಳೇಕೆ ಹೇಳಲಿ, ಅಂಥ ಗೆರೆ ನಾನು ಅದಕ್ಕೂ ಮೊದಲು ಎಳೆದಿರಲಿಲ್ಲ. ಎಲ್ಲರಿಗೂ ಸಂತೋಷವಾಯಿತು. ನೀರು ತಾಕಿಸಬ್ಯಾಡ್ರಿ ಎಂದು ಹೇಳಿ ಬಂದೆ.

ತಿಂಗಳ ಮೇಲೆ ಆ ದಾರಿಯಲ್ಲಿ ಹೋಗುವಾಗ, ಕೆಲಸ ಹೇಗಿದೆ ನೋಡೋಣವೆಂದು ಒಳಗೆ ಹೋದೆ. ಮನೆಯವರೆಲ್ಲ ಹಿತ್ತಲಲ್ಲಿ ತಂಬಿಗೆ ಹಿಡಿದು ಹಲ್ಲುಜ್ಜುತ್ತಿದ್ದರು. ಒಳಗೆ ಕಟ್ಟೆ ಹೊಳೆಯುತ್ತಿತ್ತು, ಅದರ ಮೇಲೆ ಎರಡು ಚೆಂಡುಹೂವು. ದೇವರ ಗರಿಯಿಂದ ಎಳೆದದ್ದರ ಪಕ್ಕ ಉಗುಳಿದರೆ ನೋಡಿ ಎಂದು ಅಜ್ಜಿ ಗದರಿಸಿದ್ದರಂತೆ. ಅಜ್ಜಿಯ ಮಗ ಬಾಯಿ ಮುಕ್ಕಳಿಸಿ ನನ್ನ ಹತ್ತಿರ ಬಂದ.

"ಎರಡು ದಿನ ಅಂದಿದ್ರಿ. ತಿಂಗಳಾತು, ಇನ್ನೂ ನೀರು ತಾಕಿಲ್ರಿ."

೩. ಸೋದರಮಾವ

ಜಮಖಂಡಿಯ ಒಬ್ಬ ತಾಯಿ ಶುಕ್ರವಾರ ಅವಸರದಲ್ಲಿ ಕರೆಸಿದರು. ಭಾನುವಾರ ಮಗಳನ್ನು ನೋಡಲು ರಬಕವಿಯಿಂದ ಬೀಗರಾಗುವವರು ಬರುತ್ತಾರೆ. ಹಿಂದೆ ಎರಡು ಸಂಬಂಧ ಕೂಡಿ ಬಂದು ತಪ್ಪಿದ್ದವು. ಈ ಸಲ ಯಾವುದಕ್ಕೂ ಕಡಿಮೆ ಬೀಳಬಾರದೆಂದು, ಬಚ್ಚಲಿಗೆ ಹೊಸ ಮಾರ್ಬಲ್ ಹಾಕಿಸಿದ್ದೇವೆಂದು ಆಕೆ ಆಗಲೇ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಭಾನುವಾರ ಸಂಜೆಯವರೆಗೆ ಬಣ್ಣ ಹಸಿಯೇ ಇರುತ್ತದೆ ಎಂದೆ. ಹಾಗಾದರೆ ಅಂದು ನೀವೇ ಬಂದು ಬಚ್ಚಲು ಕಾಯಿರಿ, ಒಳ್ಳೆಯ ಅಂಗಿ ಹಾಕಿಕೊಳ್ಳಿ, ಯಾರಾದರೂ ಕೇಳಿದರೆ ನನ್ನ ತಮ್ಮ ಅಂತೀನಿ ಅಂದರು. ಆ ತಾಯಿಯ ಮುಖ ನೋಡಿ ನನಗೆ ಇಲ್ಲ ಎನ್ನಲಾಗಲಿಲ್ಲ.

ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಚ್ಚಲ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತೆ. ಬೀಗರು ಬಂದರು. ಮುಂದೆ ವರನ ಅಜ್ಜ, ಹಿಂದೆ ವರನ ತಾಯಿ. ಇಬ್ಬರೂ ನನಗೆ ಗುರುತಿನವರೇ. ಹಿಂದಿನ ತಿಂಗಳು ಅವರ ಮನೆಯ ಕಟ್ಟೆಗೂ ನಾನೇ ಬಣ್ಣ ಹಚ್ಚಿದ್ದೆ. ಅಜ್ಜನಿಗೆ ನಕಲಿ ಎಂದರೆ ಆಗದು. ಅದಕ್ಕೇ ಅವರ ಸೊಸೆ, ಅಂದರೆ ಈ ವರನ ತಾಯಿ, ಹೊಸ ಕಲ್ಲು ಎಂದು ಹೇಳಿ, ನನ್ನನ್ನು ಸಾಂಗ್ಲಿಯ ಚಿಕ್ಕಪ್ಪನ ಮಗ, ತಮ್ಮ ಎಂದು ಪರಿಚಯ ಮಾಡಿದ್ದರು. ಅಜ್ಜ ಅಂದು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೋಳಿಗೆ ಉಣಿಸಿದ್ದರು.

ಅಜ್ಜ ನನ್ನನ್ನು ಕಂಡು ಖುಷಿಯಾಗಿ ಪಕ್ಕದ ಕುರ್ಚಿಯಲ್ಲೇ ಕೂತು ಹೆಗಲ ಮೇಲೆ ಕೈ ಹಾಕಿದರು. ಸೊಸೆಯ ತಮ್ಮ ಇಲ್ಲಿ ಹೇಗೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯ ತಾಯಿ ನೀರಿನ ತಂಬಿಗೆ ಹಿಡಿದು ಒಳಗಿನಿಂದ ಬಂದರು. ಅಜ್ಜನ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ಕಲಿತಿಟ್ಟ ಪಾಠವನ್ನು ಹಾಗೇ ಒಪ್ಪಿಸಿದರು.

"ಇಂವ ನನ್ನ ಖಾಸಾ ತಮ್ಮ ರೀ. ನಮ್ಮ ಹುಡುಗಿ ಸೋದರಮಾವ."

ಹುಡುಗಿಯ ತಂದೆ ಹೆಂಡತಿಯ ಮುಖ ನೋಡಿ, ಸುಮ್ಮನೆ ಫ್ಯಾನು ನೋಡತೊಡಗಿದರು. ಅಜ್ಜ ಮಾತ್ರ ಬೆರಳು ಮಡಿಚಿ ಸಂಬಂಧ ಲೆಕ್ಕ ಹಾಕಿದರು. ಒಮ್ಮೆ ಸೊಸೆಯ ಕಡೆ, ಒಮ್ಮೆ ಹುಡುಗಿಯ ತಾಯಿಯ ಕಡೆ ನೋಡಿದರು. ಆಮೇಲೆ ಕೋಲು ಊರಿ ಎದ್ದು ನಿಂತರು.

"ಇಬ್ಬರಿಗೂ ಇಂವ ಒಬ್ಬನೇ ತಮ್ಮ ಅಂದ್ರ ನೀವಿಬ್ಬರೂ ಅಕ್ಕತಂಗೇರು. ಹುಡುಗ ಹುಡುಗಿ ಅಣ್ಣತಂಗಿ. ಇದು ಆಗೂ ಸಂಬಂಧ ಅಲ್ಲ, ನಡೀರಿ."

ಒಳಗಿನ ಕೋಣೆಯಲ್ಲಿ ಹುಡುಗಿಯ ಬಳೆಯ ಸದ್ದು ನಿಂತುಹೋಯಿತು. ನನ್ನ ಎರಡು ಕೋಟ್ ಬಣ್ಣದ ದೆಸೆಯಿಂದ ಒಂದು ಲಗ್ನ ಮುರಿಯುತ್ತಿದೆ ಎಂದು ನನಗೆ ಕಣ್ಣು ತುಂಬಿ ಬಂತು. ಅಜ್ಜ ಹೊಸ್ತಿಲ ಹತ್ತಿರ ಹೋಗಿ ಚಪ್ಪಲಿಗೆ ಕಾಲು ಚಾಚಿದರು. ಆಗ ಇಬ್ಬರೂ ತಾಯಂದಿರು ಒಂದೇ ಉಸಿರಿಗೆ ಹೇಳಿದರು.

"ಅಂವ ತಮ್ಮ ಅಲ್ಲ ರೀ, ಬೇಸಿನ್ ಕಟ್ಟಿಗೆ ಬಣ್ಣ ಹಚ್ಚಾಂವ."

ಹೇಳಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡರು. ಅಜ್ಜ ತಿರುಗಿ ನಿಂತರು. ನಮ್ಮ ಮನೆಯ ಮಾರ್ಬಲ್ಲೂ ಬಣ್ಣವೇ ಎಂದು ಸೊಸೆಯನ್ನು ಕೇಳಿದರು. ಹೌದು ರೀ ಎಂದರು ಸೊಸೆ. ಇಲ್ಲಿಯದು ಎಂದು ಹುಡುಗಿಯ ತಾಯಿಯನ್ನು ಕೇಳಿದರು. ಇದೂ ಬಣ್ಣವೇ ಎಂದು ಆಕೆ ನೆಲ ನೋಡಿದರು. ಅಜ್ಜ ಚಪ್ಪಲಿಯಿಂದ ಕಾಲು ತೆಗೆದರು. ಆಮೇಲೆ ವಾಪಸು ಬಂದು ಮೊದಲಿನ ಜಾಗದಲ್ಲಿ ಕೂತು, ಕೋಲನ್ನು ಗೋಡೆಗೆ ಆನಿಸಿಟ್ಟರು.

"ಹುಡುಗಿನ್ನ ಕರೀರಿ. ಸುಳ್ಳು ಹೇಳೂದ್ರಾಗ ಎರಡೂ ಮನಿ ಇಷ್ಟು ಸರಿಜೋಡಿ ಇರೂ ಸಂಬಂಧ ಮತ್ತೆಲ್ಲೆ ಸಿಗತೈತಿ."