ಒಂದು ಹೋಳು ಬ್ರೆಡ್ಡು ಸಹಿತ

ಮಂಗಳವಾರ ಬೆಳಗಿನ ಚಹಾದ ಹೊತ್ತಿಗೆ, ಹಲ್ಲಿನ ಸೆಟ್ಟು ಕಟ್ಟುವವನೊಬ್ಬನ ಮನೆಯ ಅಡುಗೆಕೋಣೆಯಲ್ಲಿ, ಅವನ ಅತ್ತೆಯವರು ಒಂದು ಹೋಳು ಬ್ರೆಡ್ಡನ್ನು ತಿಂದರು. ತಿನ್ನುವಾಗ ಅವರು ಸ್ವಸ್ಥ ಮನಸ್ಸಿನವರಾಗಿದ್ದರು. ಯಾರ ಒತ್ತಾಯವೂ ಇರಲಿಲ್ಲ, ಬೆಣ್ಣೆಯೂ ಇರಲಿಲ್ಲ. ಈ ಘಟನೆಯ ಬಗ್ಗೆ ಇಲಾಖೆಯು ತೀವ್ರ ಕಳವಳ ವ್ಯಕ್ತಪಡಿಸಿತು.

ಕಳವಳದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಅಳಿಯನಿಗೆ (ಮನೆ ಅತ್ತೆಯವರದಾದ್ದರಿಂದ ಅವನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು) ಹಳೆಯ ಟೋಸ್ಟರ್ ಓವನ್‌ಗಳ ಹುಚ್ಚು. ಹಗಲೆಲ್ಲ ಅಂಗಡಿಯಲ್ಲಿ ಕೂತು ಕಂಡವರ ಬಾಯಿಗೆ ಹಲ್ಲು ಜೋಡಿಸಿ, ಸಂಜೆ ಗುಜರಿ ಅಂಗಡಿಗಳನ್ನು ಸುತ್ತಿ, ಕಂಕುಳಲ್ಲಿ ಏನನ್ನಾದರೂ ಅವುಚಿಕೊಂಡು ಮನೆಗೆ ಬರುತ್ತಿದ್ದ. ಫ್ರಿಜ್ಜಿನ ಮೇಲೆ, ಮಂಚದ ಕೆಳಗೆ, ಹೊಲಿಗೆ ಯಂತ್ರದ ಪಕ್ಕದಲ್ಲಿ, ಎಲ್ಲೆಲ್ಲೂ ಗಾಜಿನ ಬಾಗಿಲಿನ ಪುಟ್ಟ ಪೆಟ್ಟಿಗೆಗಳು. ಒರೆಸಿ ಕಪಾಟಿನಲ್ಲಿ ಇಟ್ಟು ನೋಡುವ ಜಾತಿಯವನಲ್ಲ ಅವನು. ಬಿಸಿಯಾಗದ ಓವನ್ ಬರೀ ತಗಡಿನ ಡಬ್ಬ ಎಂಬುದು ಅವನ ಖಚಿತ ಅಭಿಪ್ರಾಯ. ಹಾಗಾಗಿ ಸರದಿಯ ಪ್ರಕಾರ ಒಂದೊಂದರಲ್ಲೂ ಬ್ರೆಡ್ಡು ಸುಡುತ್ತಿದ್ದ. ಹಸಿರು ಬಣ್ಣದ್ದೊಂದರ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿಯಬೇಕು. ಇನ್ನೊಂದು ಎಡಗಡೆ ಮಾತ್ರ ಸುಡುತ್ತದೆ. ಮತ್ತೊಂದಕ್ಕೆ ಅವನಿಟ್ಟ ಹೆಸರು ‘ಅವಸರದವಳು’. ಬ್ರೆಡ್ಡಿಗೆ ಬಿಸಿ ತಾಗುವ ಮೊದಲೇ ಅದರ ಗಂಟೆ ಟಿಣ್ ಎನ್ನುತ್ತದೆ.

ಇವೆಲ್ಲಕ್ಕೂ ಹಿರಿಯಳು ‘ದೊಡ್ಡಮ್ಮ’. ಮುಚ್ಚಿಹೋದ ಕ್ಷೌರದಂಗಡಿಯೊಂದರಲ್ಲಿ ಒಂದು ಕಾಲಕ್ಕೆ ಟವೆಲ್ಲು ಬಿಸಿ ಮಾಡುತ್ತಿದ್ದು, ಆಮೇಲೆ ಮೂಲೆಗೆ ಬಿದ್ದಿದ್ದವಳು. ದುಂಡು ಭುಜ, ಮಿರಿಮಿರಿ ಮೈ, ಚಹಾದ ಬಣ್ಣಕ್ಕೆ ತಿರುಗಿದ ಗಾಜು. ಅಳಿಯ ಅವಳ ಕಾಯಿಲ್ ಬದಲಿಸಿ, ವೈರು ಹೊಸದು ಹಾಕಿ, ಒಳಗಿನ ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದಲೇ ಉಜ್ಜಿ ಎಬ್ಬಿಸಿದ್ದ. ಅವಳ ಟೋಸ್ಟು ಹೊರಗೆ ಗರಿಗರಿ, ಒಳಗೆ ಹತ್ತಿ. ಅಳಿಯನೇ ಕಟ್ಟಿಕೊಟ್ಟಿದ್ದ ಅತ್ತೆಯವರ ಹಲ್ಲಿನ ಸೆಟ್ಟು ಲಟಲಟ ಅನ್ನದೆ ಕಚ್ಚುತ್ತಿದ್ದುದು ಆ ಟೋಸ್ಟನ್ನು ಮಾತ್ರ. ಮದುವೆಯಾದಾಗಿನಿಂದ ಅತ್ತೆಯವರು ಅಳಿಯನನ್ನು ಹೊಗಳಿದ್ದು ಒಂದೇ ಸಲ, ಅದೂ ದೊಡ್ಡಮ್ಮನ ಮೊದಲ ಟೋಸ್ಟನ್ನು ಕಚ್ಚಿದ ದಿನ. ಅವರು ಹೇಳಿದ್ದು ಇಷ್ಟೇ: “ಪರವಾಗಿಲ್ಲ.” ಅಂದಿನಿಂದ ಆ ಮನೆಯಲ್ಲಿ ಶಾಂತಿ ನೆಲೆಸಿತ್ತು. ಆ ಶಾಂತಿಗೆ ಪ್ರತಿದಿನ ಬೆಳಿಗ್ಗೆ ಒಂದು ಹೋಳು ಬ್ರೆಡ್ಡು ಖರ್ಚಾಗುತ್ತಿತ್ತು.

ಹೀಗಿರುವಾಗ ಗೃಹಪಾರಂಪರಿಕ ವಸ್ತುಗಳ ಸಂರಕ್ಷಣಾ ಇಲಾಖೆಯು ‘ನಿಮ್ಮ ಮನೆಯ ಹಳೆಯದು, ನಮ್ಮೆಲ್ಲರ ಹಿರಿಮೆ’ ಎಂಬ ಅಭಿಯಾನವನ್ನು ಹಮ್ಮಿಕೊಂಡಿತು. ಹಳೆಯ ವಸ್ತು ಇರುವವರು ತಿಳಿಸಿದರೆ ಇಲಾಖೆಯವರೇ ಮನೆಗೆ ಬಂದು, ಪರಿಶೀಲಿಸಿ, ಅರ್ಹವಾದದ್ದಕ್ಕೆ ಹಿತ್ತಾಳೆಯ ಫಲಕ ಜೋಡಿಸುವರು ಎಂದು ಪ್ರಕಟಣೆ ಹೊರಟಿತು. ಹಿತ್ತಾಳೆ ಎಂದ ಕೂಡಲೇ ಅಳಿಯನ ಮನಸ್ಸು ಕರಗಿತು. ದೊಡ್ಡಮ್ಮನ ಹಣೆಗೆ ಒಂದು ಫಲಕವಿದ್ದರೆ ಹೇಗಿರುತ್ತದೆ ಎಂದು ಅವನು ಬೆರಳಿನಿಂದ ಅಳತೆ ಹಿಡಿದು ನೋಡಿದ.

ಅವನ ಹೆಂಡತಿ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವಳು. ಕಚೇರಿಗಳ ಒಳಹೊರಗು ಬಲ್ಲವಳು. “ರೀ, ಆಫೀಸಿನೋರನ್ನ ಮನೆಗೆ ಕರೀಬೇಡಿ,” ಎಂದಳು. “ಅವರಿಗೆ ಬರೋ ದಾರಿ ಬೇಗ ಗೊತ್ತಾಗಲ್ಲ. ಬಂದ ಮೇಲೆ ಹೋಗೋ ದಾರಿ ಗೊತ್ತೇ ಆಗಲ್ಲ.”

ಅಳಿಯ ಕರೆದ. ಅವರು ಬಂದರು.

ಬಂದದ್ದು ಶನಿವಾರ ಬೆಳಿಗ್ಗೆ, ಅತ್ತೆಯವರ ಟೋಸ್ಟು ಒಳಗಿರುವಾಗಲೇ. ಪರಿವೀಕ್ಷಕರು ಮುಂದೆ, ಟೇಪು ಹಿಡಿದವನು ಹಿಂದೆ, ಪರಿವೀಕ್ಷಕರ ಕನ್ನಡಕದ ಡಬ್ಬಿ ಹಿಡಿದವನು ಇನ್ನೂ ಹಿಂದೆ. ಪರಿವೀಕ್ಷಕರು ಯಾವುದನ್ನೂ ಮುಟ್ಟದಂತೆ ಗಟ್ಟಿಯಾಗಿ ಹೇಳಿ, ತಾವೇ ದೊಡ್ಡಮ್ಮನ ಸ್ವಿಚ್ಚು ಆರಿಸಿದರು. ಆಮೇಲೆ ಬಗ್ಗಿ, ಗಾಜಿನ ಮೂಲಕ ಇಣುಕಿ, ವಿವರಗಳನ್ನು ಒಂದೊಂದಾಗಿ ಉಚ್ಚರಿಸಿದರು: ಪೆಟ್ಟಿಗೆ ಒಂದು, ಬಾಗಿಲು ಒಂದು, ತಿರುಗುಗುಂಡಿ ಎರಡು, ಜಾಲರಿ ಒಂದು, ಬ್ರೆಡ್ಡು ಒಂದು ಹೋಳು, ಹೊಂಬಣ್ಣ.

“ಸಾರ್, ಅದು ನಮ್ಮ ಅತ್ತೆದು,” ಎಂದ ಅಳಿಯ.

“ಯಾರದು ಅನ್ನೋದು ಬೇರೆ ವಿಚಾರ. ಒಳಗಿತ್ತೋ ಇಲ್ಲವೋ?”

“ಇತ್ತು ಸಾರ್.”

“ಬಾಗಿಲು ಮುಚ್ಚಿತ್ತೋ?”

“ಮುಚ್ಚಿತ್ತು.”

“ಹಾಗಾದ್ರೆ ಅದು ಒಳಭಾಗ,” ಎಂದರು ಪರಿವೀಕ್ಷಕರು. ಟೇಪು ಹಿಡಿದವನು ಗಾಜಿನ ಹೊರಗಿನಿಂದಲೇ ಬ್ರೆಡ್ಡಿನ ಉದ್ದಗಲ ತೆಗೆದುಕೊಂಡ.

ಫಲಕ ಅಂದೇ ಬಿತ್ತು. ಅದರ ಜೊತೆಗೆ ಗೋಡೆಗೊಂದು ಸೂಚನೆಯೂ ಬಿತ್ತು: ‘ಘೋಷಿತ ವಸ್ತುವನ್ನು ಘೋಷಣೆಯ ಕ್ಷಣದಲ್ಲಿ ಇದ್ದ ಸ್ಥಿತಿಯಲ್ಲೇ ಕಾಪಾಡತಕ್ಕದ್ದು. ಬಳಸತಕ್ಕದ್ದಲ್ಲ. ಬಳಸದೇ ಕೆಟ್ಟಲ್ಲಿ ಮಾಲೀಕರೇ ಹೊಣೆಗಾರರು.’ ಸುತ್ತಲೂ ಕೆಂಪು ಹಗ್ಗ ಕಟ್ಟಿದರು. ಒಲೆ ಹಗ್ಗದ ಒಳಗೆ ಬಂತು, ಅಡುಗೆ ಮಾಡುವವರು ಹೊರಗೆ ಉಳಿದರು. ಕಾವಲುಗಾರನೊಬ್ಬನನ್ನು ಸ್ಟೂಲಿನ ಸಮೇತ ನೇಮಿಸಲಾಯಿತು. ಸ್ಟೂಲು ಮನೆಯದೇ.

ಅಳಿಯ ಉಳಿದ ಓವನ್‌ಗಳ ಮೊರೆಹೋದ. ಹಸಿರಿನದರಲ್ಲಿ ಸುಟ್ಟ, ಮೊಣಕಾಲಿಗೆ ಬೊಬ್ಬೆ ಬಂತು. ಅವಸರದವಳಲ್ಲಿ ಸುಟ್ಟ, ಬ್ರೆಡ್ಡು ಬೆಚ್ಚಗೂ ಆಗಲಿಲ್ಲ. ಅತ್ತೆಯವರು ಒಂದೊಂದನ್ನೂ ಕಚ್ಚಿ, ತಟ್ಟೆಗೆ ವಾಪಸು ಇಟ್ಟು, “ಅಳಿಯಂದ್ರೇ, ಹಲ್ಲಿನ ಅಚ್ಚು ತೆಗೆಯೋ ಪ್ಲಾಸ್ಟರು ನಿಮ್ಮ ಅಂಗಡೀಲೇ ಇರಲಿ, ಮನೇಗೆ ಯಾಕೆ ತಂದ್ರಿ?” ಎಂದು ವಿಚಾರಿಸಿದರು. ಸೋಮವಾರದ ಹೊತ್ತಿಗೆ ಅವರು ವಿಚಾರಿಸುವುದನ್ನೂ ನಿಲ್ಲಿಸಿದರು. ಅಳಿಯನಿಗೆ ನಿಜವಾಗಿ ಭಯ ಹುಟ್ಟಿದ್ದು ಆಗ.

ಮಂಗಳವಾರ ಕಾವಲುಗಾರ ಮುಖ ತೊಳೆಯಲು ಹೋದ. ಅತ್ತೆಯವರು ಹಗ್ಗದ ಕೆಳಗೆ ನುಸುಳಿದರು. ಮುಂದಿನದು ಆಗಲೇ ತಿಳಿಸಿದ್ದೇವೆ.

ವಿಚಾರಣೆ ಮಾರನೆಯ ದಿನ ಅಡುಗೆಕೋಣೆಯಲ್ಲೇ ನಡೆಯಿತು. ಉಪನಿರ್ದೇಶಕರು ಸ್ವತಃ ಬಂದು ಹಿಟ್ಟಿನ ಡಬ್ಬದ ಮೇಲೆ ಆಸೀನರಾದರು. ಘೋಷಿತ ವಸ್ತುವಿನ ಒಳಭಾಗ ನಾಶವಾಗಿದೆ, ವಸ್ತು ಅಪೂರ್ಣವಾಗಿದೆ, ಅಪೂರ್ಣ ವಸ್ತುಗಳು ಇಲಾಖೆಯ ಗೋದಾಮಿಗೆ ಹೋಗುತ್ತವೆ ಎಂದು ಪರಿವೀಕ್ಷಕರು ಮಂಡಿಸಿದರು. ಗೋದಾಮಿನಿಂದ ಯಾವುದಾದರೂ ವಾಪಸು ಬಂದಿದೆಯೇ ಎಂದು ಅಳಿಯ ಕೇಳಿದ. ಅಂಥ ದೂರು ಈವರೆಗೆ ಬಂದಿಲ್ಲ ಎಂದು ಉತ್ತರ ಬಂತು.

ಉಪನಿರ್ದೇಶಕರು ಅತ್ತೆಯವರ ಕಡೆ ತಿರುಗಿದರು. “ಕೃತ್ಯಕ್ಕೆ ಬಳಸಿದ ಹಲ್ಲುಗಳು ಯಾರವಮ್ಮ?”

“ನನ್ನವೇ ಕಣಪ್ಪ. ತೆಗೆದು ತೋರಿಸ್ಲಾ?”

“ಬೇಡ, ಬೇಡ. ಕಟ್ಟಿದ್ದು ಯಾರು?”

“ಇಗೋ, ನಿಂತಿದ್ದಾರಲ್ಲ, ಬಾಯಿ ಬಿಟ್ಕೊಂಡು.”

ಅಳಿಯನನ್ನು ಸಾಧನ ಒದಗಿಸಿದವನೆಂದು ಸೇರಿಸಿಕೊಳ್ಳಲಾಯಿತು. ಹೊರಗೆ ಇಲಾಖೆಯ ವ್ಯಾನಿನ ಹಿಂಬಾಗಿಲು ತೆರೆದ ಸದ್ದು ಕೇಳಿಸಿತು. ಅಳಿಯ ದೊಡ್ಡಮ್ಮನ ಕಡೆ ನೋಡಿದ. ಅವಳ ಗಾಜಿನಲ್ಲಿ ಅವನ ಮುಖವೇ, ಚಹಾದಲ್ಲಿ ಅದ್ದಿದ ಹಾಗೆ, ಅವನನ್ನು ನೋಡುತ್ತಿತ್ತು.

ಆಗ ಹೆಂಡತಿ ಮೀಟರಿನ ಕೆಲಸ ಮುಗಿಸಿ, ಚೀಲ ಹೆಗಲಲ್ಲಿಟ್ಟುಕೊಂಡೇ ಒಳಗೆ ಬಂದಳು. ನಿಂತಲ್ಲೇ ಎಲ್ಲ ಕೇಳಿಸಿಕೊಂಡಳು.

“ನಮ್ಮಲ್ಲಿ ಮೀಟರ್ ಕೆಟ್ರೆ ಮನೆ ಹೊತ್ಕೊಂಡು ಹೋಗಲ್ಲ ಸಾರ್,” ಎಂದಳು. “ಮೀಟರ್ ಬದಲಾಯಿಸ್ತೀವಿ.”

ಇಷ್ಟು ಸರಳವಾದ ಮಾತನ್ನು ಕಚೇರಿಯ ವೇಳೆಯಲ್ಲಿ ಕೇಳಿ ಇಲಾಖೆಯವರಿಗೆ ಅಭ್ಯಾಸವಿರಲಿಲ್ಲ. ಬದಲಿ ಭಾಗವು ಮೂಲದಂತೆಯೇ ಇರಬೇಕಾಗುತ್ತದೆ, ಅದೇ ಹೊಂಬಣ್ಣ, ಎಂದು ಪರಿವೀಕ್ಷಕರು ನೆನಪಿಸಿದರು. ಅಂಥ ಭಾಗ ಎಲ್ಲಿ ಸಿಗುತ್ತದೆ ಎಂದು ಉಪನಿರ್ದೇಶಕರು ಕೇಳಿದರು. ಇದೇ ಓವನ್‌ನಲ್ಲಿ ಮಾತ್ರ ಎಂದ ಅಳಿಯ.

“ಅದನ್ನ ಬಳಸೋ ಹಾಗಿಲ್ಲವಲ್ಲ.”

“ಬಳಸೋದಲ್ಲ ಸಾರ್,” ಎಂದ ಅಳಿಯ, ಬಹಳ ಮೆಲ್ಲಗೆ. “ದುರಸ್ತಿ.”

ದುರಸ್ತಿಗೆ ಅವಕಾಶವಿತ್ತು. ಹಗ್ಗ ಎತ್ತಿ ಹಿಡಿದು ಅಳಿಯನನ್ನು ಒಳಗೆ ಬಿಟ್ಟರು. ಅವನು ಬ್ರೆಡ್ಡಿಟ್ಟು ಗುಂಡಿ ತಿರುಗಿಸಿದ. ಕಾಯಿಲ್ ಕೆಂಪಾಯಿತು. ಮೊದಲು ಬಿಸಿ ತಗಡಿನ ವಾಸನೆ, ಆಮೇಲೆ ಇನ್ನೊಂದು ವಾಸನೆ. ಉಪನಿರ್ದೇಶಕರು ಹಿಟ್ಟಿನ ಡಬ್ಬದ ತುದಿಗೆ ಸರಿದರು. ಕನ್ನಡಕದ ಡಬ್ಬಿ ಹಿಡಿದವನು ಡಬ್ಬಿ ಕೆಳಗಿಟ್ಟ. ವ್ಯಾನಿನ ಚಾಲಕ ಇಂಜಿನ್ ಆರಿಸಿ ಒಳಗೆ ಬಂದ. ಟಿಣ್ ಎಂದಾಗ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು.

ಭಾಗವು ಮೂಲಕ್ಕೆ ಸರಿಸಮವಾಗಿದೆ ಎಂದು ಒಪ್ಪಿಗೆಯಾಯಿತು. ಆದರೆ ಅದು ಎಷ್ಟು ಹೊತ್ತು ಹಾಗೇ ಇರುತ್ತದೆ ಎಂದು ಉಪನಿರ್ದೇಶಕರು ಕೇಳಿದರು, ಬ್ರೆಡ್ಡಿನಿಂದ ಕಣ್ಣು ತೆಗೆಯದೆ. ತಜ್ಞನ ನೆಲೆಯಲ್ಲಿ ಅಳಿಯ ಹೇಳಿಕೆ ಕೊಟ್ಟ: ಬಿಸಿ ಆರಿದರೆ ಗರಿ ಹೋಗುತ್ತದೆ, ಗರಿ ಹೋದರೆ ಅದು ಘೋಷಿತ ಸ್ಥಿತಿಯಲ್ಲ. ಹಾಗಾದರೆ ಆರುವ ಮುಂಚೆಯೇ ಹೊರತೆಗೆದು ಹೊಸದನ್ನು ಕೂರಿಸಬೇಕಾಗುತ್ತದೆ ಎಂದರು ಪರಿವೀಕ್ಷಕರು. ಹೊರತೆಗೆದದ್ದು ಅನಧಿಕೃತ ಕೈಗಳಿಗೆ ಸಿಗದ ಹಾಗೆ ಪೂರ್ತಿ ವಿಲೇವಾರಿಯಾಗಬೇಕು ಎಂದರು ಉಪನಿರ್ದೇಶಕರು. ಈ ಕೆಲಸದಲ್ಲಿ ಅನುಭವ ಇರುವವರು ಯಾರಾದರೂ ಇದ್ದಾರೆಯೇ?

ಎಲ್ಲರೂ ಅತ್ತೆಯವರನ್ನು ನೋಡಿದರು. ಅವರು ಆಗಲೇ ತಟ್ಟೆ ಹಿಡಿದಿದ್ದರು.

ಆ ದಿನ ಎಷ್ಟು ಸಲ ದುರಸ್ತಿಯಾಯಿತೆಂದು ಯಾರೂ ಲೆಕ್ಕ ಇಡಲಿಲ್ಲ. ಒಬ್ಬರಿಂದ ವಿಲೇವಾರಿ ಸಾಧ್ಯವಿಲ್ಲವೆಂಬುದು ಎರಡನೇ ಹೋಳಿಗೇ ಮನವರಿಕೆಯಾದ್ದರಿಂದ ಉಪನಿರ್ದೇಶಕರು, ಪರಿವೀಕ್ಷಕರು, ಟೇಪಿನವನು, ಡಬ್ಬಿಯವನು, ಕಾವಲುಗಾರ, ಚಾಲಕ ಇವರನ್ನೊಳಗೊಂಡ ಉಪಸಮಿತಿ ರಚನೆಯಾಯಿತು. ಸಮಿತಿ ರಚನೆಯಾದದ್ದು ಬಾಯಿ ತುಂಬಿದ ಮೇಲೆ. ಒಣಬ್ರೆಡ್ಡಿನಿಂದ ಸದಸ್ಯರ ಗಂಟಲಿಗೆ ಹಾನಿಯಾಗುತ್ತಿರುವುದನ್ನು ಗಮನಿಸಿ, ಬೆಣ್ಣೆಯನ್ನು ಜಾರುಪದಾರ್ಥವೆಂದು ಪರಿಗಣಿಸಿ ಮಂಜೂರು ಮಾಡಲಾಯಿತು.

“ಅಲ್ಲಾ ಅಳಿಯಂದ್ರೇ,” ಎಂದರು ಅತ್ತೆಯವರು ಸಂಜೆ, ಎಲ್ಲರೂ ಹೋದ ಮೇಲೆ, “ಮೊದಲೂ ನೀವು ಸುಡ್ತಿದ್ರಿ, ನಾನು ತಿಂತಿದ್ದೆ. ಈಗೇನಾಯ್ತು?”

“ಈಗ ಅದು ಸರ್ಕಾರೀ ಕೆಲಸ, ಅತ್ತೆ.”

ಅತ್ತೆಯವರು ನಾಲಿಗೆಯಿಂದ ಹಲ್ಲಿನ ಸೆಟ್ಟನ್ನು ಸರಿಮಾಡಿಕೊಂಡು ಸ್ವಲ್ಪ ಯೋಚಿಸಿದರು. “ಪರವಾಗಿಲ್ಲ,” ಎಂದರು.

ಈಗ ಅಡುಗೆಕೋಣೆಯು ಇಲಾಖೆಯ ಶಾಖಾ ಕಚೇರಿಯಾಗಿದೆ. ಅತ್ತೆಯವರು ವಿಲೇವಾರಿ ಉಪಸಮಿತಿಯ ಅಧ್ಯಕ್ಷರು. ಅಳಿಯ ಪ್ರಭಾರ ದುರಸ್ತಿಗಾರ. ಕೊರಳಲ್ಲಿ ಪಾಸು ಇದ್ದರೆ ಕಚೇರಿ ವೇಳೆಯಲ್ಲಿ ತನ್ನ ಅಡುಗೆಕೋಣೆಯನ್ನು ಪ್ರವೇಶಿಸಬಹುದು. ಹಸಿರಿನದೂ ಅವಸರದವಳೂ ಘೋಷಿತರಾಗಿದ್ದಾರೆ, ತಲಾ ಒಂದು ಹೋಳು ಬ್ರೆಡ್ಡು ಸಹಿತ. ಎಡಗಡೆ ಮಾತ್ರ ಸುಡುವುದು ಅರ್ಧಾಂಶ ಪರಂಪರೆಯ ಪಟ್ಟಿಗೆ ಸೇರಿದೆ. ಹೆಂಡತಿಗೆ ಪಾಸು ಸಿಕ್ಕಿಲ್ಲವಾದರೂ, ನೀರಿನ ಮೀಟರ್ ಓದಲು ಬಂದಿದ್ದೇನೆಂದು ಹೇಳಿ ಒಳಗೆ ಹೋಗುತ್ತಾಳೆ, ಬಾಯೊರೆಸಿಕೊಂಡು ಹೊರಗೆ ಬರುತ್ತಾಳೆ. ಅಕ್ಕಪಕ್ಕದವರು ಅಟ್ಟದಿಂದ ಹಳೆಯ ಓವನ್‌ಗಳನ್ನು ಇಳಿಸಿ ಒರೆಸಿ, ಒಳಗೊಂದು ಹೋಳು ಇಟ್ಟು, ಬಾಗಿಲು ಮುಚ್ಚಿ, ಪರಿವೀಕ್ಷಕರ ದಾರಿ ಕಾಯುತ್ತಿದ್ದಾರೆ. ಒಬ್ಬರು ಕೇಕು ಇಟ್ಟಿದ್ದಾರೆಂದು ತಿಳಿದು ಉಪನಿರ್ದೇಶಕರು ಮೊದಲು ಅಲ್ಲಿಗೆ ಹೋಗಿದ್ದಾರೆ.

ಭಾನುವಾರ ಕಚೇರಿಗೆ ರಜೆ. ಅಂದು ಮನೆಯವರು ಬ್ರೆಡ್ಡನ್ನು ಸುಡದೆ ತಿನ್ನುತ್ತಾರೆ.

ಜಾಮ್ ಹಚ್ಚುವ ವಿಷಯ ಪರಿಶೀಲನೆಯಲ್ಲಿದೆ.