ಮೂವರು ವರರು, ಒಂದೇ ಕೋಟು

ಹಳೆಯ ಫೋಟೊಗಳನ್ನು ಟ್ರಂಕಿನಲ್ಲೇ ಬಿಟ್ಟರೆ ತೆಪ್ಪಗಿರುತ್ತವೆ, ಹೊರಗೆ ತೆಗೆದರೆ ಒಂದಲ್ಲ ಒಂದು ಫಜೀತಿ ತಂದೇ ತರುತ್ತವೆ. ಅಹಮದಾಬಾದಿನ ನಮ್ಮ ಕನ್ನಡ ಬಳಗದವರು ಈ ಸಲದ ವಾರ್ಷಿಕೋತ್ಸವಕ್ಕೆ ‘ಅಂದಿನ ಫ್ಯಾಷನ್’ ಎಂದು ಎಲ್ಲರ ಯೌವನದ ಫೋಟೊಗಳನ್ನು ಗೋಡೆಗೆ ಹಾಕಲು ಹೊರಟರು. ರೈಲ್ವೆಯಿಂದ ನಿವೃತ್ತನಾಗಿ ಇದೇ ಊರಿನ ಬೋಪಾಲ್ ಬಡಾವಣೆಯಲ್ಲಿರುವ ನನಗೆ ಬೆಳಗಿನ ಪಾತ್ರೆ ತೊಳೆದಾದ ಮೇಲೆ ಬೇರೆ ಕೆಲಸವಿಲ್ಲ. ಸ್ಕ್ಯಾನ್ ಮಾಡುವುದು ನನಗೇ ಅಂಟಿತು.

ನನ್ನ ಫೋಟೊವೂ ಗೋಡೆಗೆ ಹೋಗಬೇಕಿತ್ತು. ಅದನ್ನು ನೋಡಿಯೇ ನನ್ನಾಕೆ ಮದುವೆಗೆ ಒಪ್ಪಿದ್ದು. ಆದರೆ ಅದರಲ್ಲಿ ನಾನು ತೊಟ್ಟಿರುವ ಕಪ್ಪು ಕೋಟು ನನ್ನದಲ್ಲ. ಟ್ರಾನ್ಸ್‌ಫರ್ ಸಾಮಾನಿನಲ್ಲಿ ಕಳೆದುಹೋಯಿತೆಂದು ಅವಳಿಗೆ ಇಷ್ಟು ವರ್ಷವೂ ಹೇಳಿಕೊಂಡು ಬಂದಿದ್ದೆ. ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು ಪುಕುಪುಕು.

ಬೆಲ್‌ಬಾಟಮ್

ಮೊದಲು ಬಂದವರು ಸ್ಯಾಟಲೈಟ್ ಬಡಾವಣೆಯ ನಿವೃತ್ತ ವಿಜ್ಞಾನಿ. ಫೋಟೊದಲ್ಲಿ ಅವರ ಪ್ಯಾಂಟು ನೆಲ ಗುಡಿಸುವಷ್ಟು ಅಗಲ.

“ಸಾರ್, ನನ್ನ ಕೈಕೆಳಗಿದ್ದ ಹುಡುಗರೆಲ್ಲ ಬರ್ತಾರೆ. ಕಂಪ್ಯೂಟರಲ್ಲಿ ಸ್ವಲ್ಪ ಟೈಟ್ ಮಾಡಿಬಿಡಿ” ಎಂದರು.

ಮರುದಿನ ಬೆಳಿಗ್ಗೆಯೇ ಫೋನು. “ಪ್ಯಾಂಟು ಕತ್ತರಿಸಿಬಿಟ್ರಾ?”

“ಇನ್ನೂ ಇಲ್ಲ.”

“ಮುಟ್ಟಬೇಡಿ. ಈಗ ಇದೇ ಫ್ಯಾಷನ್ ಅಂತೆ. ಆ ಪ್ಯಾಂಟು ಎಲ್ಲಿದೆ ಅಂತ ಮೊಮ್ಮಗಳು ಬೆನ್ನು ಹತ್ತಿದ್ದಾಳೆ.” ಆಮೇಲೆ ದನಿ ತಗ್ಗಿಸಿ, “ಇನ್ನೆರಡು ಇಂಚು ಅಗಲ ಮಾಡೋಕಾಗುತ್ತಾ?”

ಇಂಕಿನ ತೋಳು

ಇನ್ನೊಬ್ಬರು ಬ್ಯಾಂಕಿನವರ ಹೆಂಡತಿ. ಮದುವೆಯಾದ ಹೊಸತರಲ್ಲಿ ಸೂರತ್‌ನ ಕತಾರ್‌ಗಾಮ್‌ನಲ್ಲಿದ್ದಾಗ ಹೊಳೆಯುವ ಸೀರೆಯುಟ್ಟು, ತೋಳಿಲ್ಲದ ಕಪ್ಪು ರವಿಕೆ ತೊಟ್ಟು ಫೋಟೊ ತೆಗೆಸಿಕೊಂಡಿದ್ದರು. ಊರಿಗೆ ಕಳಿಸುವಾಗ ಅತ್ತೆಗೆ ಹೆದರಿ, ಕಪ್ಪು ಇಂಕಿನಲ್ಲಿ ಮೊಣಕೈವರೆಗೆ ತೋಳು ಬರೆದರಂತೆ. ಅತ್ತೆ ಹೋದ ಮೇಲೆ ಅವರ ಪೆಟ್ಟಿಗೆಯಲ್ಲಿ ಆ ಫೋಟೊ ಸಿಕ್ಕಿತ್ತು.

“ಈಗ ತೋಳು ಅಳಿಸಿಕೊಡಿ” ಎಂದರು.

“ಅತ್ತೆಗೆ ಅನುಮಾನ ಬರಲಿಲ್ವಾ?”

“ಅಯ್ಯೋ, ಅವರ ಕಾಗದ ಬಂತು. ‘ಸೂರತ್ತಿನ ದರ್ಜಿ ಕೈ ಬಲು ಚೆನ್ನ, ತೋಳಿಗೆ ಒಂದು ಸುಕ್ಕಿಲ್ಲ. ನನಗೂ ಎರಡು ಹೊಲಿಸಿ ಕಳಿಸು’ ಅಂತ.”

ಕೋಟು

ಮದುವೆಗೆ ಮುಂಚೆ ವಡೋದರಾದಲ್ಲಿ ನಾವು ಮೂವರು ಕನ್ನಡದ ಹುಡುಗರು ಒಂದೇ ರೂಮಿನಲ್ಲಿದ್ದೆವು. ಹೆಣ್ಣಿನ ಕಡೆಯವರಿಗೆ ಕಳಿಸುವ ಫೋಟೊಕ್ಕೆ ಮೂವರೂ ಹೋಗಿದ್ದು ಸ್ಟೇಷನ್ ಹತ್ತಿರದ ಒಂದೇ ಸ್ಟುಡಿಯೋಗೆ. ಅಲ್ಲಿದ್ದದ್ದು ಒಂದೇ ಕೋಟು. ಅದರ ಬೆನ್ನು ಹರಿದು ಎರಡಾಗಿತ್ತು, ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪು.

ಆ ಇಬ್ಬರೂ ಈಗ ಅಹಮದಾಬಾದಿನಲ್ಲೇ ಇದ್ದಾರೆ. ಅವರ ಫೋಟೊಗಳನ್ನು ‘ಮಸುಕಾಗಿವೆ’ ಎಂದು ನಾನು ಉಪಾಯವಾಗಿ ವಾಪಸು ಮಾಡಿದ್ದೆ. ಉತ್ಸವದ ದಿನ ಅವರ ಹೆಂಡತಿಯರು ಫ್ರೇಮ್ ಸಮೇತ ತಂದು ನನ್ನ ಫೋಟೊದ ಪಕ್ಕದಲ್ಲೇ ತೂಗುಹಾಕಿದರು. ಮೂವರು ವರರು, ಒಂದೇ ಕೋಟು, ಅದೇ ಬಿದ್ದುಹೋದ ಎರಡನೆಯ ಗುಂಡಿ. ಜನ ಬಿದ್ದು ಬಿದ್ದು ನಕ್ಕರು. ನನ್ನಾಕೆ ಮಾತ್ರ ಕನ್ನಡಕ ಏರಿಸಿ ನೋಡಿದಳು. ಕೆಳಗೆ ಅವಳದೇ ಫೋಟೊ ಇತ್ತು, ಸೊಂಟ ದಾಟಿದ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಕುಳಿತದ್ದು. ಪಾಪ, ಆ ಜಡೆ ಮದುವೆಗೆ ಮುಂಚೆಯೇ ಟೈಫಾಯಿಡ್ ಬಂದು ಉದುರಿಹೋಗಿತ್ತಂತೆ.

ಮನೆಗೆ ಬರುವಾಗ ಆಟೋದಲ್ಲಿ ನಾನೇ ಬಾಯಿಬಿಟ್ಟೆ. “ಆ ಕೋಟು ನನ್ನದಲ್ಲ ಕಣೇ. ಕೋಟಿಲ್ಲದವನನ್ನು ನೀನು ಬೇಡ ಅಂದುಬಿಟ್ಟರೆ ಅಂತ ಹೆದರಿಕೆಯಿತ್ತು.”

ಅವಳು ಮೆಲ್ಲಗೆ ನನ್ನ ಕೈ ಹಿಡಿದುಕೊಂಡಳು.

“ರೀ, ನನಗೂ ಅದೇ ಹೆದರಿಕೆ ಇತ್ತು. ಆ ಜಡೆ ನಮ್ಮೂರಿನ ಸ್ಟುಡಿಯೋದ್ದು. ನನಗೆ ಟೈಫಾಯಿಡ್ ಬಂದೇ ಇಲ್ಲ.”

ನನಗೆ ಕಣ್ಣು ತುಂಬಿ ಬಂತು. ಆಮೇಲೆ ಒಂದು ವಿಷಯ ಹೊಳೆಯಿತು. ಟೈಫಾಯಿಡ್ ಆದವಳು ಬೆಳಿಗ್ಗೆ ತಣ್ಣೀರು ಮುಟ್ಟಬಾರದೆಂದು ಮದುವೆಯಾದ ಮರುದಿನದಿಂದ ಪಾತ್ರೆ ತೊಳೆಯುತ್ತಿರುವವನು ನಾನು.