ಹಾಡಿಗೊಂದು ಮುಯ್ಯಾಳು

ಯಾರೂ ಬೇಡದಿದ್ದ ಸಹಾಯ ಮಾಡಲು ಹೊರಟವನ ಉತ್ಸಾಹವನ್ನು ತಡೆಯುವುದು ಕಷ್ಟ. ಬೇಡಿದ ಸಹಾಯವಾದರೆ ಮನುಷ್ಯ ನಾಳೆ ಮಾಡಿದರಾಯಿತು ಎಂದು ಮುಂದೂಡುತ್ತಾನೆ. ಬೇಡದಿದ್ದದ್ದನ್ನು ಇವತ್ತೇ, ಊಟ ಬಿಟ್ಟಾದರೂ ಮಾಡುತ್ತಾನೆ. ನಾನು ಆ ಜಾತಿಯವನು. ಕೊಪ್ಪದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿ ಇಷ್ಟು ವರ್ಷ ಕಳೆದಿದ್ದೇನೆ, ಒಂದು ರುಜು ಹಾಕಬೇಕಾದರೂ ಮೂರು ಸಲ ಓದುವವನು ಎಂದು ಹೆಸರಿದೆ. ಅಂಥವನು ನನ್ನ ಹೆಂಡತಿಯ ವಿಷಯದಲ್ಲಿ ಒಂದು ಸಲವೂ ಯೋಚಿಸದೆ ಮಾಡಿದ ಕೆಲಸ ಇದು. ಈಗಲೂ ಫೋನು ಟಿಂಗ್ ಎಂದರೆ ನಾನು ಮೊದಲು ಅವಳ ಮುಖ ನೋಡುತ್ತೇನೆ. ಆದ್ದರಿಂದ ಅವಸರ ಮಾಡದೆ, ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ.

ನನ್ನ ಹೆಂಡತಿ ವಿಶಾಲಾ ಟೈಲರು. ಬಸ್ ಸ್ಟ್ಯಾಂಡಿನ ಹತ್ತಿರ ಅವಳ ಅಂಗಡಿ. ರವಿಕೆ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ ಎಂದು ಶೃಂಗೇರಿಯಿಂದಲೂ ಬಟ್ಟೆ ತಂದು ಕೊಡುವವರಿದ್ದಾರೆ. ಅವಳು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಾಳೆ ಎಂದು ಅವರಲ್ಲಿ ಯಾರಿಗೂ ಗೊತ್ತಿಲ್ಲ. ಅವಳ ಅಪ್ಪ ನರಸಿಂಹರಾಜಪುರದಲ್ಲಿ, ಅಂದರೆ ಎನ್.ಆರ್. ಪುರದಲ್ಲಿ, 'ಸುಸ್ವರ ಮೈಕ್ ಸರ್ವಿಸ್' ಇಟ್ಟಿದ್ದರು. ಬಾಡಿಗೆಗೆ ಮೈಕು, ರಿಪೇರಿಗೆ ರೇಡಿಯೋ, ಮಾರಾಟಕ್ಕೆ ಕ್ಯಾಸೆಟ್ಟು. ಉಳಿದ ಹುಡುಗಿಯರು ರಂಗೋಲಿ ಕಲಿಯುವ ವಯಸ್ಸಿನಲ್ಲಿ ಇವಳು ಬೆಸುಗೆ ಹಾಕುವುದನ್ನು ಕಲಿತಿದ್ದಳು. ನಮ್ಮ ಸಂಘದಲ್ಲಿ ಹಳೆಯ ಕಂಪ್ಯೂಟರುಗಳನ್ನು ಹರಾಜು ಹಾಕಿದಾಗ ಒಂದನ್ನು ನಾನು ಮನೆಗೆ ತಂದೆ. ಅಂಗಡಿಯ ಲೆಕ್ಕ ಬರೆಯಲಿ ಎಂಬುದು ನನ್ನ ಆಸೆ. ಅವಳು ಅದರಲ್ಲಿ ಶಬ್ದಗಳನ್ನು ಕತ್ತರಿಸಿ ಹೊಲಿಯತೊಡಗಿದಳು. ಬಟ್ಟೆಯಾದರೂ ಶಬ್ದವಾದರೂ ಅಳತೆ ತಪ್ಪಬಾರದು, ಹೊಲಿಗೆ ಕಾಣಬಾರದು, ಅಷ್ಟೇ ವ್ಯತ್ಯಾಸ ಅನ್ನುತ್ತಾಳೆ. ಎಲ್ಲಿ ವ್ಯತ್ಯಾಸ ಎಂದು ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ಅವಳ ಹಾಡಿನಲ್ಲಿ ಹಾಡುವವರಿಲ್ಲ, ಮಾತಿಲ್ಲ. ಈ ಕಥೆಗೆ ಕಾರಣವಾದ ಹಾಡು ಕೊಪ್ಪದಿಂದ ಎನ್.ಆರ್. ಪುರಕ್ಕೆ ಹೋಗುವ ಬಸ್ಸಿನದು. ಬಾಗಿಲಿಗೆ ಕಂಡಕ್ಟರ್ ಬಡಿಯುವ ಸದ್ದು, ಟಿಕೆಟ್ ಮೆಷಿನ್ನಿನ ಕಿರುಗುಟ್ಟುವಿಕೆ, ಏರಿನಲ್ಲಿ ಗೇರು ಬದಲಿಸುವಾಗಿನ ನರಳಾಟ, ಇವನ್ನೆಲ್ಲ ಫೋನಿನಲ್ಲಿ ಹಿಡಿದು ತಂದು, ಹಿಗ್ಗಿಸಿ, ಕುಗ್ಗಿಸಿ, ತಾಳಕ್ಕೆ ಕೂರಿಸಿದ್ದಳು. ಪಕ್ಕದ ಮನೆಯ ಸರೋಜಕ್ಕ ಒಂದು ದಿನ ಗೋಡೆಯಾಚೆಯಿಂದ ಇದರ ತುಣುಕು ಕೇಳಿಸಿಕೊಂಡು, ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಮಿಕ್ಸಿಯ ಬೇರಿಂಗ್ ಹೋಗಿದೆ, ಹೀಗೇ ಓಡಿಸಿದರೆ ಮೋಟಾರು ಸುಟ್ಟೀತು ಎಂದು ಎಚ್ಚರಿಸಿ ಹೋಗಿದ್ದರು. ವಿಶಾಲಾ ಬೇಸರಪಡಲಿಲ್ಲ. ಮಿಕ್ಸಿಯದೂ ಒಂದು ಮಾಡಬಹುದು ಅಂದಳು.

ಮಾವನವರ ಕಾಲದಲ್ಲಿ ಸಂಗೀತದ ವ್ಯಾಪಾರ ಕಣ್ಣಿಗೆ ಕಾಣುತ್ತಿತ್ತು. ಕ್ಯಾಸೆಟ್ ಒಯ್ದವನು ಟೇಪು ಸಿಕ್ಕಿಕೊಂಡರೆ ಬಯ್ಯುತ್ತಾ ವಾಪಸು ಬರುತ್ತಿದ್ದ. ಅಂದರೆ ಒಯ್ದವನು ಕೇಳಿದ್ದಾನೆ ಎಂಬುದು ಖಾತ್ರಿ. ಈಗ ಎಲ್ಲೋ ಒಂದು ಕಂಪನಿಗೆ ವರ್ಷದ ಚಂದಾ ಕಟ್ಟಿ ಹಾಡು ಕಳಿಸಿದರೆ, ಅವರು ಅದನ್ನು ಫೋನಿನೊಳಗಿನ ಎಲ್ಲ ಅಂಗಡಿಗಳಲ್ಲೂ ಇಡುತ್ತಾರೆ. ಇಟ್ಟದ್ದು ಯಾರಿಗೆ ಕಂಡಿತು, ಯಾರು ತಿರುಗಿ ನೋಡಿದರು ಎಂದು ಕೇಳಲು ಆ ಅಂಗಡಿಗೆ ಬಾಗಿಲಿಲ್ಲ, ಗಲ್ಲಾದಲ್ಲಿ ಮನುಷ್ಯನಿಲ್ಲ. ಇರುವುದು ಒಂದು ಅಂಕಿ ಮಾತ್ರ. ವರ್ಷದಲ್ಲಿ ಇಂತಿಷ್ಟು ಸಲ ಹಾಡು ಓಡದಿದ್ದರೆ ಅದು ಇದ್ದೂ ಲೆಕ್ಕಕ್ಕಿಲ್ಲವಂತೆ. ವಿಶಾಲಾ ಇದನ್ನು ದೂರಿನಂತೆ ಹೇಳಿದ್ದಲ್ಲ. ರವಿಕೆಗೆ ಹುಕ್ಕು ಹಚ್ಚುತ್ತಾ, ಬಸ್ಸಿನ ಹಾಡು ಆ ಗೆರೆ ದಾಟುವ ಹಾಗೆ ಕಾಣುವುದಿಲ್ಲ ಎಂದು ಒಂದೇ ಮಾತು ಅಂದಳು, ದಾರ ಕಚ್ಚಿ ತುಂಡು ಮಾಡಿದಳು. ನನಗೆ ಸಹಾಯ ಮಾಡುವ ಬುದ್ಧಿ ಹುಟ್ಟಿದ್ದು ಆ ಗಳಿಗೆಯಲ್ಲಿ.

ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿಯಿದೆ. ನಿಮ್ಮ ಗದ್ದೆ ನಾಟಿಗೆ ಇವತ್ತು ನಾವು ಬರುತ್ತೇವೆ, ನಮ್ಮದಕ್ಕೆ ನಾಳೆ ನೀವು ಬನ್ನಿ ಎಂಬ ಒಪ್ಪಂದ. ನಾಟಿ ಕಡಿಮೆಯಾದರೂ ಮದುವೆ, ಉಪನಯನಗಳಲ್ಲಿ ಅದು ಇನ್ನೂ ಜೀವಂತವಾಗಿದೆ. ಒಬ್ಬರ ಮನೆಯ ಕಾರ್ಯಕ್ಕೆ ಇನ್ನೊಬ್ಬರು ತರಕಾರಿ ಹೆಚ್ಚಲು, ಬಡಿಸಲು ಹೋಗುತ್ತಾರೆ. ಗದ್ದೆಗೆ ಆಗುವುದು ಹಾಡಿಗೆ ಯಾಕಾಗಬಾರದು? ವಿಶಾಲಾಳಿಗೆ ತಿಳಿಯದ ಹಾಗೆ ನಾನು ಆಳು ಕೂಡಿಸಲು ಹೊರಟೆ. ಸರೋಜಕ್ಕ ಒಪ್ಪಿದರು, ಅವರ ಸ್ವಸಹಾಯ ಸಂಘದ ಹೆಂಗಸರೂ ಒಪ್ಪಿದರು. ನಮ್ಮ ಆಫೀಸಿನವರು ಒಪ್ಪಿದರು. ಶೃಂಗೇರಿಯಲ್ಲಿ ಯಾತ್ರಿಕರ ಲಾಡ್ಜೊಂದರ ಮ್ಯಾನೇಜರಾಗಿರುವ ವಿಶಾಲಾಳ ಅಣ್ಣ ಸುಬ್ರಾಯ ಭಾವ, ತನ್ನ ಫೋನಲ್ಲದೆ ರೂಮ್ ಹುಡುಗರ ಫೋನುಗಳನ್ನೂ ಕೆಲಸಕ್ಕೆ ಹಚ್ಚಿದ. ಹಾಡನ್ನು ಹಾಕುವುದು, ಮುಗಿದ ಕೂಡಲೇ ತಾನೇ ಮತ್ತೆ ಶುರುವಾಗುವ ಹಾಗೆ ಗುಂಡಿ ಒತ್ತುವುದು, ಬಟ್ಟೆ ನೆನೆಹಾಕಿದ ಹಾಗೆ ಬಿಟ್ಟುಬಿಡುವುದು. ಇಷ್ಟೇ ಕೆಲಸ. ಬದಲಿಗೆ ನಾನು ಮುಂದಿನ ಮದುವೆ ಹಂಗಾಮಿನಲ್ಲಿ ಎಷ್ಟು ಪಂಕ್ತಿಗಳಿಗೆ ಸಾರು ಬಡಿಸಬೇಕು ಎಂಬುದು ಎದುರಿಗೇ ತೀರ್ಮಾನವಾಯಿತು.

ಒಂದು ಸಣ್ಣ ತೊಡಕು ಮಾತ್ರ ಬಂತು. ಲಾಡ್ಜಿನ ಕೌಂಟರಿನಲ್ಲಿ ಹಾಡು ಓಡುತ್ತಿದ್ದಾಗ ಇಳಿದುಕೊಂಡಿದ್ದ ಹಿರಿಯರೊಬ್ಬರು ಬಂದು, ನಿಮ್ಮ ಟ್ಯಾಂಕಿನ ಮೋಟಾರು ನೀರಿಲ್ಲದೆ ಓಡುತ್ತಿದೆ, ಆರಿಸಿ ಎಂದರಂತೆ. ಭಾವ ಹಾಡು ನಿಲ್ಲಿಸಲಿಲ್ಲ, ದನಿ ಮಾತ್ರ ಪೂರ್ತಿ ತಗ್ಗಿಸಿದ. ಈ ಉಪಾಯ ಎಲ್ಲರಿಗೂ ಹಿಡಿಸಿತು. ಸರೋಜಕ್ಕನ ಫೋನು ಅಕ್ಕಿ ಡಬ್ಬದೊಳಗೆ ಸದ್ದಿಲ್ಲದೆ ಹಾಡಿತು. ನನ್ನದು ಆಫೀಸಿನ ಡ್ರಾಯರಿನಲ್ಲಿ, ಸ್ಟಾಂಪ್ ಪ್ಯಾಡಿನ ಪಕ್ಕದಲ್ಲಿ ಹಾಡಿತು.

ಅಂಕಿ ಏರಿತು. ವಿಶಾಲಾ ಮೊದಲು ನಂಬಲಿಲ್ಲ. ಆಮೇಲೆ ಹೊಲಿಗೆ ಮೆಷಿನ್ನಿನ ಮೇಲೆ ಫೋನನ್ನು ಒರಗಿಸಿಟ್ಟುಕೊಂಡು ಆಗಾಗ ನೋಡತೊಡಗಿದಳು. ಕೇಳುವವರು ಯಾವ ಊರಿನವರು ಎಂದು ತೋರಿಸುವ ಒಂದು ನಕ್ಷೆಯೂ ಅದರಲ್ಲಿತ್ತು. "ನೋಡಿ, ಇವ್ರೆಲ್ಲ ನಮ್ಮ ಕಡೆಯವ್ರೇ," ಅಂದಳು. ದೂರದ ದೇಶದವರು ಕೇಳಿದ್ದರೆ ಅವಳಿಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ಈ ಬಸ್ಸಿನಲ್ಲಿ ಕೂತವರಿಗೇ ಈ ಹಾಡು ಅರ್ಥವಾಯಿತಲ್ಲ ಎಂಬುದು ಅವಳ ಸಂತೋಷ. ಆ ದಿನಗಳಲ್ಲಿ ಅವಳು ಅಂಗಡಿಗೆ ಬಂದವರ ಮುಖಗಳನ್ನು ಒಂದು ಥರ ನೋಡುತ್ತಿದ್ದಳು, ಇವರೂ ಕೇಳಿರಬಹುದೇ ಎಂಬ ಹಾಗೆ. ನನಗೆ ಹೇಳಿಬಿಡಬೇಕು ಅನ್ನಿಸಿತು. ಗುಟ್ಟಾಗಿ ಮಾಡಿದ ಉಪಕಾರದ ರುಚಿ ಇನ್ನೂ ನಾಲಿಗೆಯ ಮೇಲಿತ್ತು, ಹೇಳಲಿಲ್ಲ.

ಆಮೇಲೆ ಆ ಕಂಪನಿಯಿಂದ ಮೇಲ್ ಬಂತು. ಸಂಜೆ ನಾನು ಚಪ್ಪಲಿ ಬಿಡುತ್ತಿದ್ದಾಗ ವಿಶಾಲಾ ಅದನ್ನು ಓದಿ ಹೇಳಿದಳು. ಈ ಹಾಡನ್ನು ಕೇಳಿರುವುದು ಮನುಷ್ಯರಲ್ಲ, ಅಂಕಿ ಹೆಚ್ಚಿಸಲು ಕೂರಿಸಿದ ಯಂತ್ರಗಳು ಎಂದು ನಮ್ಮ ವ್ಯವಸ್ಥೆ ಕಂಡುಕೊಂಡಿದೆ. ಹಾಡನ್ನು ತೆಗೆದಿದ್ದೇವೆ. ಒಂದು ವಾರದಲ್ಲಿ ಸರಿಯಾದ ಸಮಜಾಯಿಷಿ ಬಾರದಿದ್ದರೆ ನಿಮ್ಮ ಖಾತೆಯನ್ನೇ ಮುಚ್ಚುತ್ತೇವೆ. ಖಾತೆಯೆಂದರೆ ಅವಳು ಇಷ್ಟು ವರ್ಷ ಮಾಡಿದ ಎಲ್ಲ ಹಾಡುಗಳು. ಅದಕ್ಕಿಂತ ಹೆಚ್ಚಿನದು ಆ ಖಾತೆಯ ಹೆಸರು. ಅವಳು ತನ್ನ ಹೆಸರು ಹಾಕಿರಲಿಲ್ಲ, 'ಸುಸ್ವರ ಮೈಕ್ ಸರ್ವಿಸ್' ಎಂದೇ ಇಟ್ಟಿದ್ದಳು. ರಸ್ತೆ ಅಗಲ ಮಾಡಿದಾಗ ಎನ್.ಆರ್. ಪುರದ ಅಂಗಡಿಯೂ ಹೋಯಿತು, ಬೋರ್ಡೂ ಹೋಯಿತು. ಮಾವನವರೂ ಈಗಿಲ್ಲ. ಆ ಹೆಸರು ಭೂಮಿಯ ಮೇಲೆ ಉಳಿದಿದ್ದದ್ದು ಅಲ್ಲಿ ಮಾತ್ರ. ಒಂದು ಚಪ್ಪಲಿ ಬಿಟ್ಟು ಇನ್ನೊಂದು ಬಿಡದೆ ನಾನು ನಿಂತೇ ಇದ್ದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಅವಳು ಬಯ್ಯಲಿಲ್ಲ, ಯಾರ್ಯಾರು ಎಂದು ಹೆಸರು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನವೇ ನಮ್ಮ ಮನೆಯಲ್ಲಿ ಸಭೆ ಸೇರಿತು. ಶೃಂಗೇರಿಯಿಂದ ಭಾವ ಬಂದ, ಪಕ್ಕದಿಂದ ಸರೋಜಕ್ಕ ಬಂದರು. ನಾವು ಮನುಷ್ಯರಲ್ಲ ಎಂದರಲ್ಲ ಎಂಬ ಸಿಟ್ಟು ಇಬ್ಬರಿಗೂ. ಎಲ್ಲರ ಆಧಾರ್ ಕಾರ್ಡಿನ ಜೆರಾಕ್ಸ್ ಕಳಿಸೋಣ ಎಂದ ಭಾವ. ಕಾರ್ಡಿನ ಫೋಟೋ ನೋಡಿದರೆ ಸಂಶಯ ಹೆಚ್ಚಾದೀತು, ಎಲ್ಲರೂ ಸಾಲಾಗಿ ನಿಂತು ಬೇರೆ ಫೋಟೋ ತೆಗೆಸಿಕೊಳ್ಳೋಣ ಎಂದರು ಸರೋಜಕ್ಕ. ನಾನು ಇಂಗ್ಲಿಷಿನಲ್ಲಿ ಒಂದು ಮನವಿ ಬರೆದಿಟ್ಟುಕೊಂಡಿದ್ದೆ. ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಸಂಗೀತಪ್ರಿಯ ಜನತೆ ಈ ಗೀತೆಯನ್ನು ಮನಸಾರೆ ಆಲಿಸಿದೆ ಎಂದು ಅದರ ಆರಂಭ. ವಿಶಾಲಾ ಚಹಾ ಕೊಟ್ಟು ಕೂತಳು.

"ಅದೆಲ್ಲ ಇರ್ಲಿ," ಅಂದಳು. "ಹಾಡು ಹೇಗಿತ್ತು?"

ಭಾವ ಚಹಾದ ಲೋಟವನ್ನು ಎತ್ತಿದ. ಸರೋಜಕ್ಕ, "ಚೆನ್ನಾಗಿತ್ತು ಮಾರಾಯ್ತಿ, ಎಂತ ಕೇಳ್ತೀಯ," ಅಂದರು. ಯಾವ ಭಾಗ ಎಂದು ಇವಳು ಕೇಳಿದಳು. ಆ ಮಧ್ಯದಲ್ಲಿ ದನಿ ಏರಿಸಿ ಹಾಡ್ತಾರಲ್ಲ ಅದು, ಎಂದರು ಸರೋಜಕ್ಕ. ಹಾಡಿನಲ್ಲಿ ಯಾರೂ ಹಾಡುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ವಿಶಾಲಾ ನನ್ನ ಕಡೆ ತಿರುಗಿದಳು.

"ನೀವು ಹೇಳಿ. ಕೊನೆಗೆ ಬಸ್ಸು ಎಂತ ಆಗ್ತದೆ?"

ನಾನು ಯೋಚಿಸಿದೆ. ಡ್ರಾಯರು ನೆನಪಾಯಿತು, ಸ್ಟಾಂಪ್ ಪ್ಯಾಡು ನೆನಪಾಯಿತು. ಬಸ್ಸು ನೆನಪಾಗಲಿಲ್ಲ.

"ಹಂಗಾದ್ರೆ ಅವ್ರು ಬರ್ದಿದ್ದು ಸರಿಯೇ ಇದೆ," ಅಂದಳು ಅವಳು. "ಮನುಷ್ಯರು ಯಾರೂ ಕೇಳಿಲ್ಲ."

ಆ ಮಾತು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿ ತಂದ ಬಟ್ಟೆ ಸಾಲುವುದಿಲ್ಲ ಎಂದು ಹೇಳುವಾಗ ಇರುವ ದನಿ ಅದು. ಭಾವ ಮುಂದಿನ ಬಸ್ಸಿಗೇ ಹೊರಟ. ಸರೋಜಕ್ಕ ಲೋಟ ತೊಳೆದಿಟ್ಟು ಹೋದರು. ನನಗೆ ಹೋಗಲು ಬೇರೆ ಮನೆಯಿರಲಿಲ್ಲ.

ನನ್ನ ಮನವಿಯನ್ನು ಅವಳು ಕಳಿಸಲಿಲ್ಲ. ತಾನೇ ಕೂತು ಬರೆದದ್ದು ಕೆಲವೇ ಸಾಲು: ನನ್ನ ಮನೆಯವರೂ ನೆಂಟರೂ ಪ್ರೀತಿಯಿಂದ ಹೀಗೆ ಮಾಡಿದ್ದಾರೆ. ನಮ್ಮ ಊರಿನಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬರುವುದು ರೂಢಿ, ಅದು ಇಲ್ಲಿ ತಪ್ಪೆಂದು ಅವರಿಗೆ ಗೊತ್ತಿರಲಿಲ್ಲ. ಅವರು ಹಾಡು ಕೇಳಿಲ್ಲ ಎಂಬುದೂ ನಿಜ. ಆ ಅಂಕಿ ನನಗೆ ಬೇಡ, ಅಳಿಸಿಬಿಡಿ. ಹೆಸರು ನನ್ನ ಅಪ್ಪನದು, ಅದನ್ನು ಉಳಿಸಿಕೊಡಿ. ಅವಳು ಬರೆದದ್ದನ್ನು ಅಲ್ಲಿ ಓದುವುದು ಮನುಷ್ಯರೋ ಯಂತ್ರವೋ ನಮಗೆ ತಿಳಿಯದು. ತಕ್ಷಣ ಬಂದ ಉತ್ತರ ನಿಮ್ಮ ತಾಳ್ಮೆಗೆ ವಂದನೆ ಎಂದಷ್ಟೇ ಇತ್ತು. ಆ ವಾರ ನಮ್ಮ ಮನೆಯಲ್ಲಿ ಅವಳ ಹಳೆಯ ಹೊಲಿಗೆ ಮೆಷಿನ್ನಿನ ಸದ್ದೊಂದೇ. ಯಾರೂ ಹೇಳದೆಯೇ ನಾನು ಪಾತ್ರೆ ತೊಳೆದೆ, ಅವಳು ಅವನ್ನು ಇನ್ನೊಮ್ಮೆ ತೊಳೆದಳು.

ಗಡುವು ಮುಗಿಯುವ ಹೊತ್ತಿಗೆ ತೀರ್ಪು ಬಂತು. ಹೆಸರು ಉಳಿಯಿತು. ಹಳೆಯ ಹಾಡುಗಳೂ ಉಳಿದವು. ಬಸ್ಸಿನ ಹಾಡನ್ನು ಸೊನ್ನೆಯಿಂದ ಮತ್ತೆ ಹಾಕಬಹುದು. ಇನ್ನೊಮ್ಮೆ ಹೀಗಾದರೆ ಖಾತೆ ಇರುವುದಿಲ್ಲ. ಮೇಲ್ ಓದಿ ವಿಶಾಲಾ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಆಮೇಲೆ ನನ್ನನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿ, ಇಯರ್‌ಫೋನನ್ನು ತಾನೇ ನನ್ನ ಕಿವಿಗೆ ಸಿಕ್ಕಿಸಿದಳು, ಹೊಸ ರವಿಕೆಯನ್ನು ಗಿರಾಕಿಗೆ ತೊಡಿಸಿ ನೋಡುವ ಹಾಗೆ.

ಕೇಳಿದೆ. ಅರ್ಥವಾಯಿತು ಎಂದರೆ ಸುಳ್ಳಾದೀತು. ಆದರೆ ಒಂದು ಕಡೆ ತಿರುವು ಬಂದಾಗ ನನ್ನ ದೇಹ ತಾನಾಗಿ ಎಡಕ್ಕೆ ವಾಲಿತು, ಕಾಲು ಇಲ್ಲದ ಬ್ರೇಕನ್ನು ಒತ್ತಿತು. ಕೊನೆಯಲ್ಲಿ ಬಸ್ಸು ನಿಲ್ಲುತ್ತದೆ, ಇಂಜಿನ್ ಆರುತ್ತದೆ, ಎಲ್ಲರೂ ಇಳಿದ ಮೇಲೆ ಕಾದ ಲೋಹ ತಣಿಯುವಾಗ ಆಗುವ ಟಿಕ್ ಟಿಕ್ ಸದ್ದು ಬಹಳ ಹೊತ್ತು ಉಳಿಯುತ್ತದೆ. ಆ ಸದ್ದನ್ನು ನಾನು ಜನ್ಮವಿಡೀ ಕೇಳಿದ್ದೇನೆ, ಕೇಳಿದ್ದೇನೆಂದು ತಿಳಿದಿರಲಿಲ್ಲ. ಇನ್ನೊಂದು ಸಲ ಹಾಕು ಅಂದೆ. ಅವಳು ಹಾಕಿದಳು.

ಈಗ ದಿನಕ್ಕೊಮ್ಮೆಯಾದರೂ ಕೇಳುತ್ತೇನೆ. ಫೋನಿನಲ್ಲಿ ಕೇಳಲು ನನಗೆ ಅಪ್ಪಣೆಯಿಲ್ಲ. ನನ್ನ ಫೋನಿನ ಮೇಲೆ ಕಂಪನಿಗೆ ಎಷ್ಟು ಸಂಶಯವಿದೆಯೋ ಮನೆಯಲ್ಲೂ ಅಷ್ಟೇ ಇದೆ. ಮನೆಯ ಕಂಪ್ಯೂಟರಿನಲ್ಲಿರುವುದು ಅವಳು ಮಾಡಿಟ್ಟ ಮೂಲ ಹಾಡು, ಕಂಪನಿಯ ಅಂಗಡಿಯದಲ್ಲ, ಆದ್ದರಿಂದ ಅದರಲ್ಲಿ ಎಷ್ಟು ಸಲ ಕೇಳಿದರೂ ಆ ಅಂಕಿ ಕದಲುವುದಿಲ್ಲ. ಹೀಗಾಗಿ ಮೂರು ತಾಲ್ಲೂಕುಗಳಲ್ಲಿ ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಮನಸಾರೆ ಆಲಿಸುವ ಒಬ್ಬ ಮನುಷ್ಯ ಕಡೆಗೂ ಸಿಕ್ಕಿದ್ದಾನೆ. ಅವನು ಲೆಕ್ಕಕ್ಕಿಲ್ಲ.